ಮನವೊಲಿಸುವ ಪ್ರಬಂಧ, ಭಾಷಣ ಬರೆಯೋದು ಹೇಗೆ? ಶಾಲೆಯಲ್ಲಿ ಕೊಟ್ಟಿದ್ದಾರೆ, ನಾನು ಬರೆದದ್ದು ಸಪ್ಪೆ ಅನಿಸ್ತಿದೆ

ನೀವು ಒಂಬತ್ತನೇ ಕ್ಲಾಸು. ವಿಷಯ ‘ಶಾಲೆ ಬಿಟ್ಟ ಮೇಲೂ ಲೈಬ್ರರಿ ಒಂದು ಗಂಟೆ ತೆರೆದಿರಬೇಕು’. ಮೊದಲು ಪ್ರಬಂಧ ಬರೆಯಬೇಕು, ಆಮೇಲೆ ಅದನ್ನೇ ಐದು ನಿಮಿಷದ ಭಾಷಣ ಮಾಡಬೇಕು. ಬರೆದದ್ದನ್ನು ಓದಿದರೆ ನಿಮಗೇ ಸಪ್ಪೆ ಅನಿಸುತ್ತಿದೆ ಅಂತ ಕೇಳಿದ್ದೀರಿ. ನಾನು ಹೈಸ್ಕೂಲು ಮೇಷ್ಟ್ರು. ಇಪ್ಪತ್ತು ವರ್ಷದಿಂದ ಪ್ರಬಂಧ ತಿದ್ದುತ್ತಿದ್ದೇನೆ, ಮಕ್ಕಳನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದೇನೆ. ಬರೆದದ್ದು ಸಪ್ಪೆ ಅಂತ ನಿಮಗೇ ಗೊತ್ತಾಯಿತಲ್ಲ, ಅದು ಒಳ್ಳೆಯ ಲಕ್ಷಣ. ಸುಮಾರು ಮಕ್ಕಳಿಗೆ ಅದು ಗೊತ್ತಾಗುವುದೇ ಇಲ್ಲ.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಇಂದಿನ ಆಧುನಿಕ ಯುಗದಲ್ಲಿ ಗ್ರಂಥಾಲಯಗಳು ಜ್ಞಾನದ ಭಂಡಾರಗಳಾಗಿವೆ ಎಂದರೆ ತಪ್ಪಾಗಲಾರದು.’ ಇದಕ್ಕೆ ಯಾರಾದರೂ ‘ಇಲ್ಲ’ ಅಂತಾರಾ? ಯಾರೂ ಅನ್ನುವುದಿಲ್ಲ. ಎಲ್ಲರೂ ಮೊದಲೇ ಒಪ್ಪಿರುವ ಮಾತಿಗೆ ಮನವೊಲಿಸುವ ಕೆಲಸವೇ ಇರುವುದಿಲ್ಲ. ಸಪ್ಪೆ ಅನಿಸುತ್ತಿರುವುದು ಅದಕ್ಕೇ. ನಿಮ್ಮ ಭಾಷೆಯಲ್ಲಿ ದೋಷ ಇಲ್ಲ.

ಹಾಗಾಗಿ ಪೆನ್ನು ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ಮಾತಿಗೆ ಬೇಡ ಅನ್ನುವವರು ಯಾರು ಅಂತ ಹುಡುಕಿ. ಲೈಬ್ರರಿ ನೋಡಿಕೊಳ್ಳುವವರು ಬೇಡ ಅನ್ನಬಹುದು, ಅವರು ದಿನಾ ಒಂದು ಗಂಟೆ ತಡವಾಗಿ ಮನೆಗೆ ಹೋಗಬೇಕು. ಮುಖ್ಯೋಪಾಧ್ಯಾಯರು ಬೇಡ ಅನ್ನಬಹುದು, ಆ ಒಂದು ಗಂಟೆಯಲ್ಲಿ ಮಕ್ಕಳಿಗೆ ಏನಾದರೂ ಆದರೆ ಹೊಣೆ ಅವರದು. ಅಪ್ಪ ಅಮ್ಮಂದಿರು ಬೇಡ ಅನ್ನಬಹುದು, ಕತ್ತಲಾಗುವುದರೊಳಗೆ ಮಗು ಮನೆ ಸೇರಬೇಕು. ಇವರಲ್ಲಿ ಯಾರೂ ಓದಿಗೆ ವಿರೋಧಿಗಳಲ್ಲ, ಅಲ್ವಾ? ಎಲ್ಲರ ಕಾರಣವೂ ನ್ಯಾಯವಾದದ್ದೇ. ಒಬ್ಬರನ್ನು ಆರಿಸಿಕೊಂಡು ಅವರನ್ನು ಎದುರಿಗೆ ಕೂರಿಸಿಕೊಂಡ ಹಾಗೆ ಬರೆಯಿರಿ. ಮುಖ್ಯೋಪಾಧ್ಯಾಯರೇ ಆಗಲಿ, ಯಾಕೆಂದರೆ ‘ಆಯ್ತು’ ಅನ್ನುವ ಅಧಿಕಾರ ಅವರ ಕೈಯಲ್ಲಿದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಮಕ್ಕಳಿಗೆ ಭಾಷಣವನ್ನು ನಾನೇ ಬರೆದುಕೊಡುತ್ತಿದ್ದೆ. ಗಾದೆ, ಸುಭಾಷಿತ ಎಲ್ಲ ಹಾಕಿ ಚೆನ್ನಾಗಿ ಕಟ್ಟಿಕೊಡುತ್ತಿದ್ದೆ. ಅವರು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ಬಹುಮಾನವೂ ಬರುತ್ತಿತ್ತು. ಒಮ್ಮೆ ಒಂದು ಸ್ಪರ್ಧೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎಲ್ಲೂ ತಡವರಿಸದೆ ಮಾತಾಡಿದಳು. ಮುಗಿದ ಮೇಲೆ ತೀರ್ಪುಗಾರರು ಮೃದುವಾಗಿ ಒಂದೇ ಪ್ರಶ್ನೆ ಕೇಳಿದರು: ‘ನೀನು ಹೇಳಿದ್ದನ್ನು ನಿನ್ನ ತರಗತಿಯಲ್ಲೇ ಒಪ್ಪದವರು ಇದ್ದಾರಾ? ಅವರಿಗೆ ಏನು ಹೇಳ್ತೀಯ?’ ಅವಳು ನನ್ನ ಕಡೆ ನೋಡಿದಳು. ಉತ್ತರ ಇರಲಿಲ್ಲ. ಅವಳ ಕೈ ಲಂಗದ ಅಂಚನ್ನು ಹಿಡಿದುಕೊಂಡದ್ದು ನನಗೆ ಇವತ್ತಿಗೂ ನೆನಪಿದೆ. ಅವಳ ಬಾಯಲ್ಲಿದ್ದದ್ದು ನನ್ನ ಮಾತು, ಅವಳದಲ್ಲ. ಆಮೇಲೆ ಯಾವ ಮಗುವಿಗೂ ನಾನು ಭಾಷಣ ಬರೆದುಕೊಟ್ಟಿಲ್ಲ. ಪ್ರಶ್ನೆ ಮಾತ್ರ ಕೇಳುತ್ತೇನೆ.

ಈಗ ನಿಮ್ಮ ಪ್ರಬಂಧಕ್ಕೆ ಬರೋಣ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ಭಾಗ ಕೇಳುತ್ತಾರೆ. ಇರಲಿ, ಆ ಚೌಕಟ್ಟಿನಿಂದ ತೊಂದರೆಯೇನಿಲ್ಲ. ಪೀಠಿಕೆಯಲ್ಲಿ ‘ಆಧುನಿಕ ಯುಗ’ ಬಿಟ್ಟು ನೀವು ಕಣ್ಣಾರೆ ಕಂಡದ್ದನ್ನು ಇಡಿ. ಉದಾಹರಣೆಗೆ: ‘ನಾಲ್ಕು ಗಂಟೆಗೆ ಬೆಲ್ ಹೊಡೆಯುತ್ತದೆ. ಚೀಲ ತುಂಬಿಕೊಂಡು ಓಡಿ ಬಂದರೆ ನಾಲ್ಕೂ ಐದಕ್ಕೆ ಲೈಬ್ರರಿಗೆ ಬೀಗ ಬಿದ್ದಿರುತ್ತದೆ. ಕಿಟಕಿಯಿಂದ ಪುಸ್ತಕ ಕಾಣುತ್ತದೆ, ಕೈಗೆ ಸಿಗುವುದಿಲ್ಲ.’ ಇದು ನನ್ನ ಊಹೆ. ನಿಮ್ಮ ಶಾಲೆಯ ಬಾಗಿಲ ಮುಂದೆ ನಿಜವಾಗಿ ಏನಾಗುತ್ತದೋ ಅದನ್ನೇ ಬರೆಯಿರಿ.

ಕಂಡದ್ದು ಸಾಲದಿದ್ದರೆ ಎಣಿಸಿ. ನನ್ನ ಒಬ್ಬ ಹುಡುಗ ಹೀಗೇ ಒಂದು ವಾರ ಬೀಗ ಹಾಕಿದ ಬಾಗಿಲ ಪಕ್ಕ ನಿಂತಿದ್ದ. ಬಂದು ವಾಪಸ್ ಹೋದ ಒಬ್ಬೊಬ್ಬರಿಗೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದೊಂದು ಗೆರೆ ಎಳೆದ. ಭಾಷಣದ ದಿನ ಆ ಹಾಳೆಯನ್ನೇ ಎತ್ತಿ ತೋರಿಸಿದ. ಸಭೆಯಲ್ಲಿದ್ದವರೆಲ್ಲ ಕತ್ತು ಮುಂದೆ ಮಾಡಿ ನೋಡಿದರು. ಇಂಟರ್‌ನೆಟ್ಟಿನಿಂದ ಎತ್ತಿದ ಯಾವ ಅಂಕಿಗೂ ಆ ತೂಕ ಬರುವುದಿಲ್ಲ.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್ ಭಾಷಣ ಕಲೆಯ ಬಗ್ಗೆ ಬರೆಯುತ್ತಾ, ಮಾತು ಮನಸ್ಸಿಗೆ ನಾಟುವುದು ಮೂರು ದಾರಿಯಲ್ಲಿ ಅಂದಿದ್ದ. ಹೇಳುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ಮಾತಿನೊಳಗಿನ ತರ್ಕ. ನೀವು ಬಾಗಿಲ ಪಕ್ಕ ನಿಂತು ಎಣಿಸಿದ್ದರೆ ನಂಬಿಕೆ ಬಂತು. ಕಿಟಕಿಯಾಚೆಯ ಪುಸ್ತಕ ಭಾವನೆಯನ್ನು ಮುಟ್ಟುತ್ತದೆ. ತರ್ಕ ಎಲ್ಲಿ ಬರುತ್ತದೆ ಅಂದರೆ, ‘ಬೇಡ’ ಅನ್ನುವವರ ಕಾರಣಕ್ಕೆ ನೀವು ಕೊಡುವ ಉತ್ತರದಲ್ಲಿ. ಮಕ್ಕಳು ಅತಿ ಹೆಚ್ಚು ಎಡವುವುದು ಇಲ್ಲೇ.

ವಿರೋಧದ ಮಾತನ್ನು ಮುಚ್ಚಿಡಬೇಡಿ. ‘ಕೆಲವರು ಸುಮ್ನೆ ವಿರೋಧಿಸುತ್ತಾರೆ’ ಅಂತ ಹಗುರ ಮಾಡಿಯೂ ಬರೆಯಬೇಡಿ. ಅವರೇ ಓದಿದರೆ ‘ಹೌದು, ನಾನು ಹೇಳೋದು ಇದನ್ನೇ’ ಅನ್ನುವ ಹಾಗೆ ಬರೆಯಿರಿ. ‘ಸಂಜೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಚಿಂತೆ ಮುಖ್ಯೋಪಾಧ್ಯಾಯರಿಗೆ ಇದ್ದೇ ಇರುತ್ತದೆ. ಅದು ಸರಿಯಾದ ಚಿಂತೆ.’ ಇಷ್ಟು ಬರೆದು ಆಮೇಲೆ ದಾರಿ ಹೇಳಿ: ವಾರಕ್ಕೆ ಎರಡೇ ದಿನ ಶುರು ಮಾಡೋಣ, ಮನೆಯವರ ಸಹಿ ಇರುವ ಚೀಟಿ ತಂದವರು ಮಾತ್ರ ಇರಲಿ, ಶಿಕ್ಷಕರು ಸರದಿಯ ಮೇಲೆ ಇರಲಿ. ಎದುರಿನವರ ಕಷ್ಟ ನಿಮಗೆ ಅರ್ಥವಾಗಿದೆ ಅಂತ ತಿಳಿದ ಮೇಲೆ ಅವರೂ ನಿಮ್ಮ ಮಾತಿಗೆ ಕಿವಿ ಕೊಡುತ್ತಾರೆ. ಈ ಒಂದು ಪ್ಯಾರಾಗೆ ಉಳಿದೆಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ.

ಇನ್ನು ಭಾಷಣ. ಪ್ರಬಂಧವನ್ನೇ ನಿಂತು ಓದಿದರೆ ಭಾಷಣ ಆಗುವುದಿಲ್ಲ. ಓದುವವರು ಅರ್ಥವಾಗದಿದ್ದರೆ ಹಿಂದಿನ ಸಾಲಿಗೆ ಹೋಗಬಹುದು. ಕೇಳುವವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ವಾಕ್ಯ ಚಿಕ್ಕದಿರಲಿ. ಮುಖ್ಯ ಮಾತು ಎರಡು ಮೂರು ಸಲ ಬರಲಿ, ಪ್ರಬಂಧದಲ್ಲಿ ಅದು ತಪ್ಪು ಅನಿಸಿದರೂ ಭಾಷಣದಲ್ಲಿ ಬೇಕು. ‘ತೆರೆದಿಡಬೇಕಾಗಿರುತ್ತದೆ ಎಂಬುದು ನನ್ನ ಅಭಿಪ್ರಾಯವಾಗಿದೆ’ ಅಂತ ಬರೆದಿದ್ದೀರಿ. ಅದನ್ನು ಒಮ್ಮೆ ಜೋರಾಗಿ ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ‘ತೆರೆದಿಡಿ ಅಂತ ಕೇಳುತ್ತಿದ್ದೇನೆ’ ಅನ್ನಿ, ಸಾಕು.

ಉದ್ದ ಜಾಸ್ತಿ ಇದ್ದಷ್ಟೂ ತೂಕ ಅಂದುಕೊಳ್ಳಬೇಡಿ. 1863ರ ನವೆಂಬರ್ 19ರಂದು ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಸೈನಿಕರ ಸ್ಮಶಾನವೊಂದರ ಸಮರ್ಪಣೆಯ ಸಭೆಯಲ್ಲಿ ಆ ಕಾಲದ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಆಮೇಲೆ ಎದ್ದ ಅಧ್ಯಕ್ಷ ಅಬ್ರಹಾಂ ಲಿಂಕನ್ ಎರಡೇ ನಿಮಿಷದಷ್ಟು ಮಾತಾಡಿ ಕೂತರು. ಮುಖ್ಯ ವಿಚಾರವನ್ನು ನೀವು ಎರಡು ನಿಮಿಷದಲ್ಲಿ ಮುಟ್ಟಿದಷ್ಟು ಹತ್ತಿರ ನಾನು ಎರಡು ಗಂಟೆಯಲ್ಲಿ ಬಂದಿದ್ದರೆ ಸಂತೋಷಪಡುತ್ತಿದ್ದೆ ಅಂತ ಎವರೆಟ್ ಮರುದಿನವೇ ಲಿಂಕನ್‌ಗೆ ಪತ್ರ ಬರೆದರು.

ನಿಮ್ಮ ವಯಸ್ಸಿನವರ ಉದಾಹರಣೆ ಬೇಕಾದರೆ ಕೆನಡಾದ ಸೆವರ್ನ್ ಸುಝುಕಿಯ ಭಾಷಣ ಹುಡುಕಿ ನೋಡಿ. 1992ರಲ್ಲಿ ರಿಯೊ ಡಿ ಜನೈರೊದ ಭೂಮಿ ಶೃಂಗಸಭೆಯಲ್ಲಿ, ಅಂದರೆ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನದಲ್ಲಿ, ಮಾತಾಡುವಾಗ ಅವಳಿಗೆ 12 ವರ್ಷ. ಪರಿಸರ ಅಮೂಲ್ಯ ಅಂತ ಉಪದೇಶ ಮಾಡಲಿಲ್ಲ. ಅಪ್ಪನ ಜೊತೆ ಮೀನು ಹಿಡಿಯಲು ಹೋಗುತ್ತಿದ್ದದ್ದು, ಆ ಮೀನುಗಳಲ್ಲಿ ಕ್ಯಾನ್ಸರ್ ಕಂಡದ್ದು, ಹೀಗೆ ತಾನು ಕಂಡದ್ದನ್ನು ಹೇಳಿದಳು. ಎದುರಿಗೆ ಕೂತ ದೊಡ್ಡವರೂ ಯಾರದೋ ಅಪ್ಪ ಅಮ್ಮ ಅಂತ ನೆನಪಿಸಿದಳು. ನೀವು ದಾರಿ ಬದಲಿಸಿಕೊಳ್ಳಬೇಕು ಅಂತ ನೇರವಾಗಿ ಕೇಳಿದಳು. ಅಷ್ಟಕ್ಕೆ ಕೆಲವೇ ನಿಮಿಷ ಸಾಕಾಯಿತು.

ಅಭ್ಯಾಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಡೀ ಭಾಷಣ ಉರು ಹೊಡೆಯಬೇಡಿ, ಒಂದು ಪದ ಮರೆತರೆ ಪೂರ್ತಿ ನಿಂತುಹೋಗುತ್ತದೆ. ಮೊದಲ ಎರಡು ವಾಕ್ಯ, ಕೊನೆಯ ಎರಡು ವಾಕ್ಯ ಮಾತ್ರ ಬಾಯಲ್ಲಿ ಗಟ್ಟಿಯಾಗಿರಲಿ. ನಡುವಿನದಕ್ಕೆ ಚೀಟಿಯಲ್ಲಿ ನಾಲ್ಕೈದು ಪದ ಸಾಕು. ಗಡಿಯಾರ ಇಟ್ಟುಕೊಂಡು ಜೋರಾಗಿ ಹೇಳಿ, ನಾಲ್ಕೂವರೆ ನಿಮಿಷಕ್ಕೆ ಮುಗಿಯಲಿ. ಉಳಿದ ಅರ್ಧ ನಿಮಿಷ ಉಸಿರು ತೆಗೆದುಕೊಳ್ಳಲು, ಜನರ ಮುಖ ನೋಡಲು ಬೇಕಾಗುತ್ತದೆ. ಕೊನೆಯ ವಾಕ್ಯದಲ್ಲಿ ‘ಧನ್ಯವಾದಗಳು’ ಹೇಳುವ ಮೊದಲು ನಿಮಗೆ ಬೇಕಾದ್ದನ್ನು ಕೇಳಿಬಿಡಿ: ಯಾವ ದಿನ, ಎಷ್ಟು ಹೊತ್ತು, ಯಾವಾಗಿನಿಂದ.

ಮೊದಲ ಕರಡು ಆದ ಮೇಲೆ ಇಲ್ಲೇ ಕಾಮೆಂಟಿನಲ್ಲಿ ಹಾಕಿ. ನಾನು ತಿದ್ದಿ ಕೊಡುವುದಿಲ್ಲ, ಒಪ್ಪದ ಮುಖ್ಯೋಪಾಧ್ಯಾಯರ ಜಾಗದಲ್ಲಿ ಕೂತು ಪ್ರಶ್ನೆ ಕೇಳುತ್ತೇನೆ. ಮೊದಲ ಪ್ರಶ್ನೆ ಈಗಲೇ ಕೇಳಿಬಿಡುತ್ತೇನೆ: ಆ ಒಂದು ಗಂಟೆ ಯಾರೂ ಬರದಿದ್ದರೆ ಏನು ಮಾಡೋಣ?