ಹಾಡಿದವರಿಗೆ ಏನೂ ಇಲ್ವಾ, ಮೇಷ್ಟ್ರೇ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ರಷ್ಯದ ಗಾಯಕಿ ಅಲ್ಲಾ ಪುಗಚೋವಾ ಬಗ್ಗೆ ಆರು ಪುಟ ಬರೆದಿದ್ದೀರಿ. 'ಹತ್ತು ಲಕ್ಷ ಗುಲಾಬಿ' ಆಕೆಯ ಹಾಡು ಅಂತಲೂ ಹಾಕಿದ್ದೀರಿ. ಟ್ಯೂನ್ ಲಾಟ್ವಿಯದ್ದು, ಸಾಹಿತ್ಯ ಇನ್ನೊಬ್ಬರದ್ದು. ಬರೀ ಹಾಡಿದವಳಿಗೆ ಇಷ್ಟು ದೊಡ್ಡ ಮೆರವಣಿಗೆಯೇ?"
- ನಿವೃತ್ತ ಶಿಕ್ಷಕರು, ಶಿವಮೊಗ್ಗ

ಮೇಷ್ಟ್ರೇ, ಇನ್‌ಲ್ಯಾಂಡ್ ಲೆಟರ್ ತುಂಬಾ ಬರೆದು, ಅಂಟಿಸೋ ಅಂಚಲ್ಲೂ ಎರಡು ಸಾಲು ಸೇರಿಸಿ ಬೈಯೋರು ಈಗ ಎಲ್ಲಿ ಸಿಗ್ತಾರೆ ಹೇಳಿ, ಖುಷಿ ಆಯ್ತು.

ನಿಮ್ಮ ತಕರಾರು ಸರಿನೇ. ಟ್ಯೂನ್ ರೈಮಂಡ್ಸ್ ಪೌಲ್ಸ್ ಅವರದ್ದು, 1981ರಲ್ಲಿ ಲಾಟ್ವಿಯನ್‌ನಲ್ಲಿ ಅದಕ್ಕೆ ಲೆಯೋನ್ಸ್ ಬ್ರಿಯೆದಿಸ್ ಬರೆದ ಮಾತೇ ಬೇರೆ, ದೇವತೆ ಹುಡುಗಿಗೆ ಬದುಕು ಕೊಟ್ಟು ಸುಖ ಕೊಡೋದನ್ನ ಮರೆತುಬಿಟ್ಲು ಅನ್ನೋ ಸಂಕಟ. ಜಾರ್ಜಿಯಾದ ಚಿತ್ರಕಾರ ಪಿರೋಸ್ಮಾನಿ ಮನೆ ಮಾರಿ ನಟಿಗೆ ಹೂವು ಸುರಿದ ಅನ್ನೋ ದಂತಕಥೆನ ಆಮೇಲೆ ರಷ್ಯನ್‌ನಲ್ಲಿ ತಂದಿದ್ದು ಕವಿ ವೊಜ್ನೆಸೆನ್ಸ್ಕಿ. ಇಷ್ಟು ನಿಮಗೆ ಬಿಟ್ಟುಕೊಟ್ಟೆ.

ಆದ್ರೆ ಆ "ಬರೀ" ಇದೆಯಲ್ಲ, ಅದನ್ನ ಮಾತ್ರ ಬಿಡಲ್ಲ.

1975ರಲ್ಲಿ ಬಲ್ಗೇರಿಯಾದ ಗೋಲ್ಡನ್ ಆರ್ಫಿಯಸ್ ಸ್ಪರ್ಧೆಗೆ ಹೋದಾಗ ಪುಗಚೋವಾಗೆ 26 ವರ್ಷ. ಹಾಡಿದ್ದು 'ಆರ್ಲೆಕಿನೋ', ಅಂದ್ರೆ ಜೋಕರ್ ಹಾಡು, ಅದೂ ಅವಳದ್ದಲ್ಲ, ಬಲ್ಗೇರಿಯಾದವರೇ ಆದ ಎಮಿಲ್ ದಿಮಿತ್ರೋವ್ ಅವರದ್ದು. ಅಂದ್ರೆ ಅವರ ಹಾಡನ್ನ ಅವರ ಮನೆಗೇ ತಗೊಂಡು ಹೋಗಿ ಹಾಡಿದ್ಲು! ಸೋವಿಯತ್ ಗಾಯಕಿಯರು ಕಂಬದ ಥರ ನಿಂತು ಹಾಡ್ತಿದ್ದ ಕಾಲ ಅದು, ಇವಳು ದಾರ ಕಟ್ಟಿದ ಗೊಂಬೆ ಹಂಗೆ ಕೈ ಆಡಿಸಿ, ಮಧ್ಯದಲ್ಲಿ ಜೋಕರ್ ನಗು ನಕ್ಕು, ಆ ನಗು ಅಳುವಿನ ಅಂಚಿಗೆ ಹೋಗಿ ನಿಲ್ಲೋ ಹಂಗೆ ಮಾಡಿ ಗ್ರ್ಯಾಂಡ್ ಪ್ರಿ ಗೆದ್ದುಬಿಟ್ಲು. (ಮೊದಲ ಗಂಡ ಸರ್ಕಸ್ ಕಲಾವಿದ, ಜೋಕರ್ ಕಷ್ಟ ಮನೇಲೇ ನೋಡಿರಬೇಕು ಅಂತ ನನ್ನ ಊಹೆ.) ಆ ನಗು ಯಾವ ನೊಟೇಷನ್‌ನಲ್ಲಿ ಇರುತ್ತೆ ಮೇಷ್ಟ್ರೇ?

ಇನ್ನೊಂದು ಕೇಳಿ. 'ವಿಧಿಯ ವ್ಯಂಗ್ಯ' ಅಂತ ಒಂದು ಟೀವಿ ಸಿನಿಮಾ, 1976ರ ಜನವರಿ 1ಕ್ಕೆ ಬಂತು, ಇವತ್ತಿಗೂ ರಷ್ಯದವರಿಗೆ ಅದಿಲ್ದೆ ಹೊಸ ವರ್ಷ ಇಲ್ಲ. ನಾಯಕಿ ಪೋಲೆಂಡಿನ ಬಾರ್ಬರಾ ಬ್ರಿಲ್ಸ್ಕಾ, ಮಾತಿಗೆ ದನಿ ವಲೆಂಟೀನಾ ತಲಿಜಿನಾ, ಹಾಡಿಗೆ ಪುಗಚೋವಾ. ಒಬ್ಬ ನಾಯಕಿ ಆಗೋಕೆ ಮೂರು ಹೆಂಗಸರು ಬೇಕಾಯ್ತು, ಸರ್ಕಾರದ ಪ್ರಶಸ್ತಿ ಬಂದಿದ್ದು ಮುಖಕ್ಕೆ. ಟೈಟಲ್ ಕಾರ್ಡಲ್ಲಿ ಹಾಡಿದವಳ ಹೆಸರೂ ಇಲ್ಲ!

ಬರೆದವಳಲ್ಲ ಅಂದ್ರಲ್ಲ, ಅದೂ ಪೂರ್ತಿ ಸರಿಯಲ್ಲ. 70ರ ದಶಕದ ಕೊನೇಲಿ ತಾನೇ ಟ್ಯೂನ್ ಹಾಕಿ ಬೋರಿಸ್ ಗೊರ್ಬೋನೋಸ್ ಅನ್ನೋ ಇಲ್ಲದ ಗಂಡಸಿನ ಹೆಸರಲ್ಲಿ ಕೊಟ್ಲು, ಮೀಸೆ ಅಂಟಿಸ್ಕೊಂಡು ಫೋಟೋನೂ ತೆಗೆಸಿದ್ಲು. ಹಾಡೋ ಹೆಂಗಸು ಟ್ಯೂನ್ ಹಾಕಿದ್ರೆ ಯಾರು ಸೀರಿಯಸ್ಸಾಗಿ ತಗೋತಿದ್ರು ಹೇಳಿ, "ಬರೀ ಹಾಡೋಳು" ಅಂತಿದ್ರು, ನಿಮ್ಮ ಹಂಗೇ.

ನಮ್ಮೂರ ಜಾತ್ರೇಲಿ ಆರ್ಕೆಸ್ಟ್ರಾ ಬರ್ತಿತ್ತು. ಒಬ್ಬ ಹೆಂಗಸು ರಾತ್ರಿ ಎರಡು ಗಂಟೆ ತನಕ ಹಾಡೋರು, ಎಂಥಾ ಕಂಠ ಅಂತೀರಿ, ಅನೌನ್ಸ್ ಮಾಡೋನು ಮಾತ್ರ ಪ್ರತಿ ಸಲ "ಜೂನಿಯರ್ ಜಾನಕಿ, ಜೂನಿಯರ್ ಜಾನಕಿ" ಅಂತಿದ್ದ. ಮೂರು ವರ್ಷ ಕೇಳಿದೀನಿ, ಆಕೆ ಹೆಸರೇನು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ಆ್ಯಪ್ ತೆಗೆದ್ರೂ ಅದೇ ಕಥೆ, ಹಾಡಿನ ಮೇಲೆ ಹೀರೋ ಫೋಟೋ, ಹಾಡಿದವರ ಹೆಸರು ಹುಡುಕೋಕೆ ಮೂರು ಸಲ ಒತ್ತಬೇಕು, ಬರೆದವರಂತೂ ಪಾತಾಳದಲ್ಲಿ. ರೀಲ್ಸ್ ಬಗ್ಗೆ ಮಾತಾಡಿದ್ರೆ ಬಿಪಿ ಏರುತ್ತೆ, ಬೇಡ ಬಿಡಿ.

"ಹಾಡೋರಿಗೆ ರಾಜಕೀಯ ಯಾಕೆ" ಅಂತ ಆ ಅಂಚಲ್ಲಿ ಬರೆದಿದ್ದೀರಿ. 2022ರ ಸೆಪ್ಟೆಂಬರ್‌ನಲ್ಲಿ ಪುಗಚೋವಾ ಗಂಡ, ಕಾಮಿಡಿಯನ್ ಮಕ್ಸಿಮ್ ಗಾಲ್ಕಿನ್ ಉಕ್ರೇನ್ ಯುದ್ಧ ಬೇಡ ಅಂದಿದ್ದಕ್ಕೆ ರಷ್ಯ ಸರ್ಕಾರ ಅವನನ್ನ "ವಿದೇಶಿ ಏಜೆಂಟ್", ಅಂದ್ರೆ ಹೊರದೇಶದವರ ಪರ ಕೆಲಸ ಮಾಡೋರು ಅನ್ನೋ ಪಟ್ಟಿಗೆ ಸೇರಿಸ್ತು. ಎರಡೇ ದಿನದಲ್ಲಿ ಈಕೆ ಇನ್‌ಸ್ಟಾಗ್ರಾಂನಲ್ಲಿ ಬರೆದ್ಲು, ನನ್ನನ್ನೂ ಆ ಪಟ್ಟಿಗೆ ಸೇರಿಸಿ ಅಂತ. ಟೈಟಲ್ ಕಾರ್ಡಲ್ಲಿ ಹೆಸರಿಲ್ಲದೋಳು 73ನೇ ವಯಸ್ಸಲ್ಲಿ ಹೆಸರು ಹಾಕಿ ಅಂತ ಕೇಳಿದ್ದು ಇಲ್ಲಿ, ಸ್ವಾಮಿ.

ತಿದ್ದುಪಡಿ ಮುಂದಿನ ಸಂಚಿಕೆಲಿ ಬರುತ್ತೆ: ಪೌಲ್ಸ್, ಬ್ರಿಯೆದಿಸ್, ವೊಜ್ನೆಸೆನ್ಸ್ಕಿ, ಮೂರೂ ಹೆಸರು. ಹಾಡಿದವಳದ್ದು ಮೊದಲು ಹಾಕ್ತೀನಿ. ಅದಕ್ಕೂ ಒಂದು ಇನ್‌ಲ್ಯಾಂಡ್ ಲೆಟರ್ ಬರ್ಲಿ.