ಟಾಯ್ಲೆಟ್ ಸೀಟ್ ಮೇಲೆ ಎಚ್‌ಪಿವಿ ಎಷ್ಟು ದಿನ ಕೂತಿರುತ್ತೆ ಮೇಡಂ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಎಚ್‌ಪಿವಿ ಬಗ್ಗೇನೇ ಇದೆ, ಅಂದ್ರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತರಬಲ್ಲ ವೈರಸ್. ಹಾಗಾಗಿ ಮಂಡಿನೋವಿನವರು, ಗ್ಯಾಸ್ಟ್ರಿಕ್‌ನವರು ಮುಂದಿನ ಸಂಚಿಕೆ ತನಕ ಸ್ವಲ್ಪ ತಡ್ಕೊಳ್ಳಿ. ಹೆಸರು ಹಾಕ್ಬೇಡಿ ಅಂತ ಎಲ್ಲರೂ ಕೇಳ್ಕೊಂಡಿದ್ದಾರೆ, ಹಾಕಿಲ್ಲ.

ಪ್ರಶ್ನೆ: ನಂಗೆ 23 ವರ್ಷ, ಬೆಂಗಳೂರಲ್ಲಿ ಪಿಜಿಲಿದ್ದೀನಿ. ನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್, ವೆಸ್ಟರ್ನ್ ಕಮೋಡ್. ರೂಮ್‌ಮೇಟ್‌ಗೆ ಎಚ್‌ಪಿವಿ ಇದೆ ಅಂತ ಮೊನ್ನೆ ಗೊತ್ತಾಯ್ತು. ಈ ವೈರಸ್ ಒಣಗಿದ್ರೂ ಒಂದು ವಾರ ಸಾಯಲ್ಲ ಅಂತ ಓದ್ದೆ. ಅವತ್ತಿಂದ ದಿನಾ ಸೀಟ್‌ಗೆ ಸ್ಯಾನಿಟೈಸರ್ ಹಾಕಿ ಒರೆಸಿಯೇ ಕೂರ್ತಿದ್ದೀನಿ. ಪಿಜಿ ಚೇಂಜ್ ಮಾಡ್ಲಾ?

ಉತ್ತರ: ಚೇಂಜ್ ಮಾಡ್ಬೇಡಮ್ಮಾ, ಅಡ್ವಾನ್ಸ್ ದುಡ್ಡು ಸುಮ್ನೆ ಹೋಗುತ್ತೆ. ನೀನು ಓದಿದ್ದೇನೂ ಸುಳ್ಳಲ್ಲ, ಈ ವೈರಸ್ ನಿಜವಾಗ್ಲೂ ಗಟ್ಟಿಪಿಂಡ. ಕೊರೋನಾ ವೈರಸ್‌ಗೆ ಮೇಲೊಂದು ಜಿಡ್ಡಿನ ಹೊದಿಕೆ ಇತ್ತು, ಸೋಪು, ಸ್ಯಾನಿಟೈಸರ್ ತಾಗಿದ ತಕ್ಷಣ ಅದು ಕರಗಿ ವೈರಸ್ಸೂ ಕೆಡ್ತಿತ್ತು. ಎಚ್‌ಪಿವಿಗೆ ಆ ಜಿಡ್ಡೇ ಇಲ್ಲ, ಬರೀ ಪ್ರೋಟೀನಿನ ಗಟ್ಟಿ ಚಿಪ್ಪು, ಅದರೊಳಗೆ ಡಿಎನ್‌ಎ. ಹುಣಸೆಬೀಜ ಇದ್ದಂಗೆ ಅನ್ಕೋ. ಲ್ಯಾಬಲ್ಲಿ ಇದನ್ನ ಒಣಗಿಸಿಟ್ಟು ಒಂದು ವಾರ ಬಿಟ್ಟು ನೋಡಿದ್ರೂ ಅದ್ರಲ್ಲಿ ಒಂದಷ್ಟು ಇನ್ನೂ ಜೀವಕೋಶಕ್ಕೆ ಅಂಟೋ ಸ್ಥಿತೀಲೇ ಇತ್ತು. ಆಲ್ಕೋಹಾಲ್ ಸ್ಯಾನಿಟೈಸರ್‌ಗೂ ಅದು ಅಷ್ಟಾಗಿ ಬಗ್ಗಲ್ಲ, ಬ್ಲೀಚ್‌ಗೆ ಬಗ್ಗುತ್ತೆ, ಅಂದ್ರೆ ನೀನು ಸ್ಯಾನಿಟೈಸರ್‌ಗೆ ಸುರಿದ ದುಡ್ಡು ಕಮೋಡ್‌ಗೇ ಹೋಯ್ತು ಅನ್ಕೋ.

ಆದ್ರೆ ಉಳ್ಕೊಳ್ಳೋದು ಬೇರೆ, ಅಂಟೋದು ಬೇರೆ. ಈ ವೈರಸ್ ಚರ್ಮದ ಮೇಲೆ ಬಿದ್ದ ಮಾತ್ರಕ್ಕೆ ಏನೂ ಮಾಡಕ್ಕಾಗಲ್ಲ, ಚರ್ಮದ ತೀರಾ ಕೆಳಗಿನ ಪದರದ ಜೀವಕೋಶಗಳನ್ನ ಮುಟ್ಟಿದ್ರೆ ಮಾತ್ರ ಅದಕ್ಕೆ ದಾರಿ. ಅಲ್ಲಿಗೆ ಹೋಗ್ಬೇಕಂದ್ರೆ ಕಣ್ಣಿಗೂ ಕಾಣದಷ್ಟು ಸಣ್ಣ ತರಚು ಬೇಕು, ಜೊತೆಗೆ ಉಜ್ಜಾಟ ಬೇಕು, ಇವೆರಡೂ ಒಟ್ಟಿಗೆ ಆಗೋದು ಸೆಕ್ಸ್ ಟೈಮಲ್ಲಿ, ಯೋನಿ, ಗುದ, ಬಾಯಿ ಯಾವ ರೀತೀದಾದ್ರೂ ಸರಿ, ಒಳಗೆ ಹೋಗ್ದೇ ಬರೀ ಅಲ್ಲಿನ ಚರ್ಮಕ್ಕೆ ಚರ್ಮ ಉಜ್ಜಿದ್ರೂ ಸಾಕು. ಕಮೋಡ್ ಸೀಟ್‌ಗೆ ತಾಗೋದು ನಿನ್ನ ತೊಡೆ, ಅಲ್ಲಿನ ಚರ್ಮ ದಪ್ಪ, ಒಣಗಿರುತ್ತೆ. ಟಾಯ್ಲೆಟ್‌ನಲ್ಲಿ, ಟವಲ್‌ನಲ್ಲಿ ಎಚ್‌ಪಿವಿ ಡಿಎನ್‌ಎ ಸಿಕ್ತು ಅಂತ ಸುದ್ದಿ ಬರುತ್ತಲ್ಲ, ಅದೂ ನಿಜಾನೇ, ಆದ್ರೆ ಬಾಗಿಲಲ್ಲಿ ಚಪ್ಪಲಿ ಇದ್ದ ಮಾತ್ರಕ್ಕೆ ಒಳಗೆ ಆಳಿದ್ದಾನೆ ಅಂತ ಅಲ್ವಲ್ಲ. ಸೀಟಿಂದಾನೇ ಗರ್ಭಕಂಠಕ್ಕೆ ಸೋಂಕು ಬಂತು ಅಂತ ಯಾರೂ ಸಾಬೀತು ಮಾಡಿಲ್ಲ.

ಹಂಚ್ಕೊಳ್ಳಬಾರದ್ದು ಅಂದ್ರೆ ರೇಜರ್, ಅದು ಚರ್ಮ ತರಚುತ್ತೆ. ಒಳಉಡುಪು, ಒದ್ದೆ ಟವಲ್ ಬೇರೆ ಬೇರೆ ಇರ್ಲಿ, ಅದು ಎಚ್‌ಪಿವಿ ಇರ್ಲಿ ಬಿಡ್ಲಿ ಇರ್ಬೇಕಾದ ಅಭ್ಯಾಸ. ಇನ್ನೊಂದು ಮಾತು, ಆ ಹುಡುಗೀನ ಮೈಲಿಗೆ ಥರ ನೋಡ್ಬೇಡಿ. ಲೈಂಗಿಕ ಸಂಪರ್ಕ ಇರೋ ಬಹುಪಾಲು ಗಂಡಸು, ಹೆಂಗಸು ಎಲ್ಲರಿಗೂ ಜೀವನದಲ್ಲಿ ಒಂದಲ್ಲ ಒಂದು ಸಲ ಇದು ಬಂದೇ ಬರುತ್ತೆ, ಹತ್ತರಲ್ಲಿ ಒಂಬತ್ತು ಜನಕ್ಕೆ ಎರಡು ವರ್ಷದೊಳಗೆ ತಾನಾಗೇ ಹೋಗುತ್ತೆ, ಬಂದಿದ್ದೂ ಗೊತ್ತಾಗಲ್ಲ ಹೋಗಿದ್ದೂ ಗೊತ್ತಾಗಲ್ಲ. ನಿಂಗೆ 23 ಅಂದ್ಯಲ್ಲ, ಲಸಿಕೆ ಹಾಕಿಸ್ಕೊಳ್ಳೋಕೆ ಇನ್ನೂ ಟೈಮಿದೆ, ಸ್ಯಾನಿಟೈಸರ್ ದುಡ್ಡು ಅದಕ್ಕೆ ಎತ್ತಿಡು.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಒಳಗೆ ಹಾಕೋ ಪ್ರೋಬ್‌ನಿಂದ ಬರಬಹುದಾ? ಕೇಳಿದ್ರೆ ಡಾಕ್ಟರ್ ಬೇಜಾರು ಮಾಡ್ಕೋತಾರಾ?

ಉತ್ತರ: ಕಮೋಡ್‌ಗಿಂತ ಇದು ಸಾವಿರ ಪಾಲು ಸರಿಯಾದ ಪ್ರಶ್ನೆ. ಪ್ರೋಬ್ ನೇರವಾಗಿ ಗರ್ಭಕಂಠದ ಹತ್ರಾನೇ ಹೋಗುತ್ತೆ, ಅದಕ್ಕೇ ಪ್ರತಿಯೊಬ್ಬರಿಗೂ ಹೊಸ ಕವರ್ ಹಾಕ್ಬೇಕು, ಕವರ್ ತೆಗೆದ ಮೇಲೂ ಪ್ರೋಬ್ ತೊಳೆದು ಈ ಥರದ ಗಟ್ಟಿ ವೈರಸ್‌ಗೂ ನಾಟೋ ದ್ರಾವಣದಲ್ಲಿ ಶುದ್ಧ ಮಾಡ್ಬೇಕು, ಬರೀ ಸ್ಪಿರಿಟ್ ಸಾಲದು. ನಾನು ಹೌಸ್‌ಸರ್ಜನ್ ಆಗಿದ್ದಾಗ ಒಂದು ಕಡೆ ಕವರ್ ಬಿಚ್ಚಿ, ಜೆಲ್ಲನ್ನ ಟಿಶ್ಯೂಲಿ ಒರೆಸಿ, ಮುಂದಿನವರನ್ನ ಕರೆಯೋದನ್ನ ಕಣ್ಣಾರೆ ನೋಡಿದ್ದೀನಿ, ನಾನೂ ಬಾಯಿ ಮುಚ್ಕೊಂಡಿದ್ದೆ, ಇವತ್ತಿಗೂ ನಾಚಿಕೆ ಆಗುತ್ತೆ. ಕೇಳಿ. ಬೇಜಾರಾದ್ರೆ ಆಗ್ಲಿ.

ಪ್ರಶ್ನೆ: ಹೆಂಡತಿಗೆ 38 ವರ್ಷ. ಕ್ಯಾಂಪ್‌ನಲ್ಲಿ ಟೆಸ್ಟ್ ಮಾಡಿಸಿದ್ರೆ ಎಚ್‌ಪಿವಿ ಪಾಸಿಟಿವ್. ನಾನು ಎಲ್ಲೂ ಹೋದವನಲ್ಲ. ಹಾಗಾದ್ರೆ ಅವಳಿಗೆ ಎಲ್ಲಿಂದ ಬಂತು?

ಉತ್ತರ: ಅಣ್ಣಾ, ಈ ಟೆಸ್ಟ್ ವೈರಸ್ ಇದೆಯಾ ಇಲ್ವಾ ಅಂತ ಹೇಳುತ್ತೆ ಅಷ್ಟೇ, ಯಾವಾಗ ಬಂತು, ಯಾರಿಂದ ಬಂತು ಅಂತ ಹೇಳಲ್ಲ. ವರ್ಷಗಟ್ಲೆ ಸದ್ದಿಲ್ಲದೆ ಮಲಗಿದ್ದು ಆಮೇಲೆ ಟೆಸ್ಟ್‌ನಲ್ಲಿ ಕಾಣಿಸ್ಕೊಳ್ಳಬಹುದು, ಮದುವೆಗೆ ಮುಂಚೆ ನಿಮಗೇ ಬಂದಿದ್ದು ನಿಮ್ಮಿಂದಾನೇ ಅವರಿಗೆ ಹೋಗಿರ್ಲೂಬಹುದು, ಗಂಡಸರಿಗೆ ಇದನ್ನ ನೋಡೋ ಮಾಮೂಲಿ ಟೆಸ್ಟ್ ಇಲ್ಲ, ಹಾಗಾಗಿ ಆ ಲೆಕ್ಕ ಬಗೆಹರಿಯೋದೇ ಇಲ್ಲ. ಪಂಚಾಯ್ತಿ ಬಿಟ್ಟು ರಿಪೋರ್ಟ್‌ನಲ್ಲಿ ವೈರಸ್ಸಿನ ಟೈಪ್ 16 ಅಥವಾ 18 ಅಂತ ಇದೆಯಾ ನೋಡಿ, ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಸುಮಾರು 70 ಪರ್ಸೆಂಟ್ ಆ ಎರಡರಿಂದಾನೇ. ಇದ್ರೆ ಕಾಲ್ಪೋಸ್ಕೋಪಿ ಮಾಡ್ತಾರೆ, ಅಂದ್ರೆ ದೊಡ್ಡದಾಗಿ ತೋರ್ಸೋ ಉಪಕರಣದಲ್ಲಿ ಗರ್ಭಕಂಠ ನೋಡೋದು, ಬೇರೆ ಟೈಪ್ ಆದ್ರೆ ಮುಂದೇನು ಅಂತ ಡಾಕ್ಟರ್ ಹೇಳ್ತಾರೆ. ಪಾಸಿಟಿವ್ ಅಂದ್ರೆ ಕ್ಯಾನ್ಸರ್ ಅಲ್ಲ, ವೈರಸ್ ಹೋಗದೆ ಉಳ್ಕೊಂಡ್ರೂ ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಹಿಡಿಯುತ್ತೆ, ಅಷ್ಟರೊಳಗೆ ಹಿಡಿದ್ರೆ ಚಿಕ್ಕ ಟ್ರೀಟ್‌ಮೆಂಟ್‌ನಲ್ಲೇ ಮುಗಿಯುತ್ತೆ. ಆಸ್ಪತ್ರೆಗೆ ಅವರ ಜೊತೆ ನೀವೂ ಹೋಗಿ. ಸಿಗರೇಟು ಸೇದ್ತೀರಾ ಅಂತ ನೀವು ಬರೆದಿಲ್ಲ, ಸೇದ್ತಿದ್ರೆ ಮನೆಯೊಳಗಂತೂ ಬೇಡ, ಹೊಗೆ ಈ ವೈರಸ್‌ಗೆ ಒಳ್ಳೇ ಜೊತೆಗಾರ.

ಪ್ರಶ್ನೆ: ಮಗಳಿಗೆ 12. ಎಚ್‌ಪಿವಿ ಲಸಿಕೆ ಹಾಕ್ಸೋಣ ಅಂದ್ರೆ ನಮ್ಮತ್ತೆ "ಈಗ್ಲೇ ಯಾಕೆ ಆ ವಿಷ್ಯ, ಮದುವೆ ಆದ್ಮೇಲೆ ನೋಡ್ಕೊಂಡ್ರಾಯ್ತು" ಅಂತಾರೆ.

ಉತ್ತರ: ಅತ್ತೆಯವರಿಗೆ ಹೇಳಿ, ಮಳೆ ಬಂದ್ಮೇಲೆ ಹೆಂಚು ಹೊದಿಸಿದ ಹಾಗಾಗುತ್ತೆ ಅಂತ. ಒಳಗೆ ಹೊಕ್ಕಿರೋ ವೈರಸ್‌ನ ಈ ಲಸಿಕೆ ಓಡಿಸಲ್ಲ, ಹೊಸದಾಗಿ ಬರೋದನ್ನ ತಡೆಯುತ್ತೆ ಅಷ್ಟೇ, ಅದಕ್ಕೇ 9ರಿಂದ 14 ವರ್ಷದೊಳಗೆ ಹಾಕ್ಸಿ ಅನ್ನೋದು. ಆ ವಯಸ್ಸಲ್ಲಿ ಮೈ ಕೂಡ ಚೆನ್ನಾಗಿ ಸ್ಪಂದಿಸುತ್ತೆ, ಆರು ತಿಂಗಳ ಅಂತರದಲ್ಲಿ ಎರಡು ಡೋಸ್ ಸಾಕು, 15 ದಾಟಿದ್ರೆ ಮೂರು ಅಂತ ಲೇಬಲ್ ಹೇಳುತ್ತೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಚಿಕ್ಕ ವಯಸ್ಸಿನವರಿಗೆ ಒಂದೇ ಡೋಸ್ ಆದ್ರೂ ನಡೆಯುತ್ತೆ ಅಂದಿದೆ.

ಲಸಿಕೆಯೊಳಗೆ ವೈರಸ್ ಇರುತ್ತಾ ಅಂತ ಬಹಳ ಜನ ಹೆದರ್ತಾರೆ. ಇರಲ್ಲ. ಮೇಲೆ ಹುಣಸೆಬೀಜ ಅಂದ್ನಲ್ಲ, ಅದರ ಬರೀ ಸಿಪ್ಪೆ ಮಾತ್ರ, ಒಳಗೆ ಖಾಲಿ, ಡಿಎನ್‌ಎನೇ ಇಲ್ಲದ ಮೇಲೆ ಮೊಳೆಯೋದೆಲ್ಲಿ? ಈ ಖಾಲಿ ಚಿಪ್ಪು ಮಾಡೋ ದಾರಿ ಹುಡುಕಿದ್ದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕೆಲ್ಸ ಮಾಡ್ತಿದ್ದ ಜಿಯಾನ್ ಝೌ, ಇಯಾನ್ ಫ್ರೇಜರ್, 1991ರಲ್ಲಿ. ಝೌ ಪಾಪ, 2006ರಲ್ಲಿ ಲಸಿಕೆ ಮಾರ್ಕೆಟ್‌ಗೆ ಬರೋದನ್ನ ನೋಡೋಕೆ ಇರ್ಲಿಲ್ಲ. ಇದಕ್ಕೂ ಮುಂಚೆ ಈ ವೈರಸ್ಸೇ ಕ್ಯಾನ್ಸರ್‌ಗೆ ಕಾರಣ ಅಂತ ತೋರ್ಸಿದ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ನಮ್ಮಲ್ಲೇ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನವರ ಸರ್ವಾವ್ಯಾಕ್ ಇದೆ, 6, 11, 16, 18 ಈ ನಾಲ್ಕು ಟೈಪ್‌ಗೆ, ಹುಡುಗ್ರಿಗೂ ಹಾಕಬಹುದು. ಇಂಜೆಕ್ಷನ್ ಆದ್ಮೇಲೆ ಹದಿನೈದು ನಿಮಿಷ ಮಗಳನ್ನ ಅಲ್ಲೇ ಕೂರಿಸ್ಕೊಳ್ಳಿ, ಈ ವಯಸ್ಸಿನ ಮಕ್ಕಳು ಸೂಜಿ ಭಯಕ್ಕೆ ತಲೆ ಸುತ್ತಿ ಬೀಳೋದುಂಟು.

ನೀವೂ ತಪ್ಪಿಸ್ಕೊಳ್ಳಬೇಡಿ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ 1.27 ಲಕ್ಷ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಬಂದಿದೆ, ಹತ್ತತ್ರ 80 ಸಾವಿರ ಜನ ಸತ್ತಿದ್ದಾರೆ, ಬಹಳ ಜನ ತಡವಾಗಿ ಬರ್ತಾರೆ ಅನ್ನೋದೇ ಸಂಕಟ. 30 ಆದ್ಮೇಲೆ ಲಸಿಕೆ ಆಗಿರ್ಲಿ ಬಿಡ್ಲಿ ಟೆಸ್ಟ್ ಮಾಡಿಸ್ಬೇಕು, ಎಚ್‌ಪಿವಿ ಟೆಸ್ಟ್ ಆದ್ರೆ ಐದು ವರ್ಷಕ್ಕೊಂದು ಸಲ ಸಾಕು. ಸರ್ಕಾರಿ ಆಸ್ಪತ್ರೆಗಳಲ್ಲಿ ವಿನೆಗರ್ ಥರದ ದ್ರಾವಣ ಹಚ್ಚಿ ಬಿಳಿ ಮಚ್ಚೆ ಬರುತ್ತಾ ಅಂತ ನೋಡ್ತಾರೆ, ನೋವಿಲ್ಲ, ಐದು ನಿಮಿಷದ ಕೆಲ್ಸ.

ಪ್ರಶ್ನೆ: ಕಾಂಡೋಮ್ ಹಾಕಿದ್ರೆ ಪೂರ್ತಿ ಸೇಫಾ?

ಉತ್ತರ: ಪೂರ್ತಿ ಅಲ್ಲ, ಅದು ಮುಚ್ಚದ ಜಾಗದ ಚರ್ಮದಿಂದ ಹರಡುತ್ತೆ. ಆದ್ರೂ ರಿಸ್ಕ್ ಎಷ್ಟೋ ಕಮ್ಮಿ ಆಗುತ್ತೆ, ಬಿಡ್ಬೇಡಿ.

ಪ್ರಶ್ನೆ: ಹತ್ತು ವರ್ಷದ ಮಗ ಸ್ವಿಮ್ಮಿಂಗ್‌ಗೆ ಹೋಗ್ತಾನೆ, ಅಂಗಾಲಲ್ಲಿ ಆಣಿ ಆಗಿದೆ. ನೆಟ್‌ನಲ್ಲಿ ನೋಡಿದ್ರೆ ಅದೂ ಎಚ್‌ಪಿವಿ ಅಂತಿದೆ, ಕೈಕಾಲು ನಡುಗ್ತು.

ಉತ್ತರ: ನಡುಗ್ಬೇಡಿ, ಅದೇ ಮನೆತನ, ಬೇರೆ ಕವಲು. ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಟೈಪ್ ಇವೆ, ಅಂಗಾಲಿಗೆ ಬರೋವು ಕ್ಯಾನ್ಸರ್ ತರೋವಲ್ಲ. ಮೊದ್ಲು ಆಣಿನಾ ನರಹುಲಿನಾ ನೋಡಿ, ಈ ವೈರಸ್ಸಿಂದ ಬರೋದು ನರಹುಲಿ, ಆಣಿ ಅಲ್ಲ. ಮೇಲಿಂದ ಒತ್ತಿದಾಗ ನೋವು ಜಾಸ್ತಿಯಾದ್ರೆ ಆಣಿ ಇರಬಹುದು, ಎರಡೂ ಪಕ್ಕದಿಂದ ಚಿವುಟಿದಾಗ ಜಾಸ್ತಿ ನೋವಾಗಿ, ನಡುವೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ ಕಂಡ್ರೆ ನರಹುಲಿ. ಇದು ಮಾತ್ರ ನೋಡಿ ನೆಲದಿಂದ ಅಂಟುತ್ತೆ, ನೀರಲ್ಲಿ ನೆನೆದು ಮೆತ್ತಗಾದ ಪಾದ, ಪೂಲ್ ಅಂಚಿನ ದೊರಗು ನೆಲ, ತರಚು ಆಗೋಕೆ ಇನ್ನೇನು ಬೇಕು. ಹಾಗಾಗಿ ನೀರಿಂದ ಎದ್ದ ತಕ್ಷಣ ಚಪ್ಪಲಿ ಹಾಕ್ಕೊಳ್ಳೋಕೆ ಹೇಳಿ, ಬ್ಲೇಡಲ್ಲಿ ಕೆರೀಬೇಡಿ, ಕೆರೆದಷ್ಟೂ ಹರಡುತ್ತೆ. ಸ್ಯಾಲಿಸಿಲಿಕ್ ಆಸಿಡ್ ಹಚ್ಚೋಕೆ ಚರ್ಮದ ಡಾಕ್ಟರ್ ಬರ್ಕೊಡ್ತಾರೆ.

ನಿಮ್ಮಮ್ಮ ಕುದುರೆ ಬಾಲದ ಕೂದಲು ಕಟ್ಟು, ಕಲ್ಯಾಣಿಗೆ ಉಪ್ಪು ಹಾಕು ಅಂತ ಹೇಳಿರ್ತಾರೆ, ಗ್ಯಾರಂಟಿ. ಮಕ್ಕಳ ನರಹುಲಿ ಮೂರರಲ್ಲಿ ಎರಡು ಪಾಲು ಎರಡು ವರ್ಷದೊಳಗೆ ತಾನಾಗೇ ಉದುರಿ ಹೋಗುತ್ತೆ, ಕೊನೇ ತಿಂಗಳು ಏನು ಮಾಡಿದ್ರೋ ಅದಕ್ಕೆ ಹೆಸರು ಬರುತ್ತೆ. ಉಪ್ಪು ಹಾಕಿದ್ರೆ ತೊಂದ್ರೆ ಇಲ್ಲ, ಕೂದಲು ಕಟ್ಟೋದು ಬೇಡ, ಕೀವಾಗುತ್ತೆ. ತಮ್ಮ ಇದ್ರೆ ಇವನ ಚಪ್ಪಲಿ ಹಾಕ್ಕೊಂಡು ಓಡಾಡದ ಹಾಗೆ ನೋಡ್ಕೊಳ್ಳಿ.