ಓದುಗರ ಪ್ರಶ್ನೆ: ಮುತ್ತಜ್ಜನ ಹಿಂದಿನವರು ಯಾರು?

ಪ್ರಶ್ನೆ: ಅಜ್ಜಿಗೆ ತೊಂಬತ್ತರ ಹತ್ತಿರ. ಹಿಂದಿನವರ ಹೆಸರು, ಇಸವಿ ಕೇಳಿದರೆ ‘ಅದೆಲ್ಲ ಎಲ್ಲಿ ನೆನಪಿರ್ತದೆ’ ಅಂದು ಸುಮ್ಮನಾಗುತ್ತಾರೆ. ಹೇಗೆ ಕೇಳಬೇಕು?
– ಓದುಗರು, ತಿಪಟೂರು

ಉತ್ತರ: ಇಸವಿ ಕೇಳಲೇಬೇಡಿ. ಯಾರ ಮದುವೆಗೆ ಯಾವ ಊರಿನ ಬೀಗರು ಬಂದರು, ಮೊದಲ ಬಾಣಂತನ ಎಲ್ಲಾಯಿತು, ಜಮೀನು ಪಾಲಾದಾಗ ಯಾರ್ಯಾರು ಜಗಳ ತೆಗೆದರು ಎಂದು ಕೇಳಿ. ಜಗಳದ ಮಾತು ಬಂದರಂತೂ ಮೂರು ತಲೆಮಾರು ಒಟ್ಟಿಗೇ ಹೊರಬರುತ್ತದೆ. ‘ಚಿಕ್ಕಪ್ಪ’ ಎಂದರೆ ಅಲ್ಲೇ ತಡೆದು, ಒಡಹುಟ್ಟಿದವರೋ ದಾಯಾದಿಯೋ, ಇಬ್ಬರಿಗೂ ತಾಯಿ ಒಬ್ಬರೇನಾ ಎಂದು ವಿಚಾರಿಸಿ. ಎರಡನೇ ಮದುವೆ, ದತ್ತು ಎಲ್ಲ ಗೊತ್ತಾಗುವುದು ಆಗಲೇ.

ಸಂವತ್ಸರದ ಹೆಸರು ಹೇಳಿದರೆ ಬರೆದುಕೊಳ್ಳಿ. ಆದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: ಧಾತು 1876–77ರಲ್ಲೂ ಬಂತು, 1936–37ರಲ್ಲೂ ಬಂತು. ‘ಧಾತು-ಈಶ್ವರದ ಬರದಲ್ಲಿ ಊರು ಬಿಟ್ಟರಂತೆ’ ಎಂದರೆ ಅದು 1876–78ರ ಮಹಾ ಕ್ಷಾಮ. ಅಜ್ಜಿ ಕಂಡದ್ದಲ್ಲ, ಕೇಳಿದ್ದು. ಕಂಡದ್ದಕ್ಕೂ ಕೇಳಿದ್ದಕ್ಕೂ ಬೇರೆ ಗುರುತು ಹಾಕಿಡಿ.

ಪ್ರಶ್ನೆ: ಪಹಣಿಯಲ್ಲಿ ಅಪ್ಪನ ಹೆಸರಷ್ಟೇ ಇದೆ. ಅದರ ಹಿಂದಕ್ಕೆ ಹೋಗುವುದು ಹೇಗೆ?
– ಓದುಗರು, ಅರಸೀಕೆರೆ

ಉತ್ತರ: ಅಪ್ಪನ ಹೆಸರಿನ ಪಕ್ಕದಲ್ಲಿ ‘ಎಂಆರ್’ ಎಂದು ಒಂದು ಸಂಖ್ಯೆ ಇರುತ್ತದೆ, ಅದು ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಸಂಖ್ಯೆ. ಅದರ ನಕಲು ತೆಗೆಸಿ. ಪೌತಿ ಖಾತೆಯಾಗಿದ್ದರೆ (ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾದದ್ದು) ತೀರಿಕೊಂಡವರು ಯಾರು, ವಾರಸುದಾರರು ಯಾರು ಎಂಬುದು ಅಲ್ಲೇ ಸಿಗುತ್ತದೆ. ಅಲ್ಲಿಂದ ಅಜ್ಜನ ಹೆಸರಿನ ಪಹಣಿ, ಅದರ ಎಂಆರ್, ಹೀಗೆ ಹಿಂದಕ್ಕೆ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ತಂತ್ರಾಂಶಕ್ಕೂ ಹಿಂದಿನ ಕೈಬರಹದ ಪಹಣಿಗಳಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಹೋಬಳಿ, ಗ್ರಾಮ, ಸರ್ವೆ ನಂಬರ್, ಬೇಕಾದ ವರ್ಷಗಳನ್ನು ಬಿಡಿಸಿ ಬರೆಯಿರಿ. ಎಡವುವುದು ಸರ್ವೆ ನಂಬರಿನಲ್ಲಿ. ಈಗ 45/2 ಇರುವುದು ಪೋಡಿಗೆ (ಜಮೀನು ಅಳೆದು ಭಾಗ ಮಾಡಿ ಬೇರೆ ನಂಬರ್ ಕೊಡುವುದಕ್ಕೆ) ಮುಂಚೆ ಬರೀ 45 ಆಗಿರಬಹುದು. 45/2 ಎಂದೇ ಕೇಳಿದರೆ ‘ದಾಖಲೆ ಲಭ್ಯವಿಲ್ಲ’ ಎಂಬ ಹಿಂಬರಹ ಬಂದೀತು.

ಹೆಸರುಗಳೂ ದಾರಿ ತಪ್ಪಿಸುತ್ತವೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಿ ‘ನಂಜಪ್ಪ ಬಿನ್ ಚಿಕ್ಕಣ್ಣ’ (ಅಂದರೆ ಚಿಕ್ಕಣ್ಣನ ಮಗ ನಂಜಪ್ಪ) ಆದಮೇಲೆ ‘ಚಿಕ್ಕಣ್ಣ ಬಿನ್ ನಂಜಪ್ಪ’, ಮತ್ತೆ ‘ನಂಜಪ್ಪ ಬಿನ್ ಚಿಕ್ಕಣ್ಣ’. ಅಜ್ಜ ಮೊಮ್ಮಗ ಇಬ್ಬರನ್ನೂ ಒಬ್ಬನೇ ಎಂದುಕೊಂಡು ಎರಡು ತಲೆಮಾರು ನುಂಗಿಬಿಡುವುದು ತೀರಾ ಸಾಮಾನ್ಯ. ‘ಕೋಂ’ ಎಂದಿದ್ದರೆ ಮುಂದಿನದು ಗಂಡನ ಹೆಸರು; ಇಬ್ಬರು ನಂಜಪ್ಪಂದಿರನ್ನು ಬಿಡಿಸಲು ಹೆಂಡತಿಯ ಹೆಸರೇ ಗಟ್ಟಿ ಆಧಾರ. ಹಳೆಯ ಪೌತಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದ್ದರೆ ಹೆಣ್ಣುಮಕ್ಕಳೇ ಇರಲಿಲ್ಲ ಎಂದುಕೊಳ್ಳಬೇಡಿ, ಬರೆಸುವ ರೂಢಿ ಇರಲಿಲ್ಲ ಅಷ್ಟೆ.

ಗೇಣಿಗೆ ಉಳುತ್ತಿದ್ದ ಮನೆತನವಾದರೆ 1974ರ ಭೂಸುಧಾರಣೆಗೆ ಹಿಂದೆ ಮಾಲೀಕರ ಕಾಲಂನಲ್ಲಿ ನಿಮ್ಮವರು ಸಿಗುವುದಿಲ್ಲ. ಸಾಗುವಳಿದಾರರ ಕಾಲಂ ನೋಡಿ. ಜಮೀನು ತಮ್ಮ ಹೆಸರಿಗೆ ಮಾಡಿಕೊಡಿ ಎಂದು ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಅರ್ಜಿ, ಅಂದರೆ ಫಾರಂ 7ರ ಫೈಲನ್ನೂ ಕೇಳಿ.

ಪ್ರಶ್ನೆ: ಅಟ್ಟದಲ್ಲಿ ಮಡಿಕೆ ಮಡಿಕೆಯಾದ ಕಪ್ಪು ಬಟ್ಟೆಯ ಲೆಕ್ಕದ ಪುಸ್ತಕ ಸಿಕ್ಕಿದೆ. ಧೂಳು ತುಂಬಿದೆ, ಒರೆಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಒದ್ದೆ ಬಟ್ಟೆ ತಾಗಿಸಲೇಬೇಡಿ! ಅದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಹಚ್ಚಿ ಬಳಪದಲ್ಲಿ ಬರೆದದ್ದು; ಒರೆಸಿದರೆ ಅಕ್ಷರ ಸ್ಲೇಟಿನಂತೆ ಅಳಿಸಿಹೋಗುತ್ತದೆ. ಮಡಿಕೆಯನ್ನು ಬಲವಂತವಾಗಿ ಬಿಡಿಸದೆ, ಪಕ್ಕದಿಂದ ಬೆಳಕು ಬೀಳುವಂತೆ ಇಟ್ಟು ಮೊದಲು ಫೋಟೊ ತೆಗೆಯಿರಿ.

ಪ್ರಶ್ನೆ: ಹಿಂದೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರಂತೆ. ಅವರಿಂದ ಏನಾದರೂ ಸಿಕ್ಕೀತೇ?
– ಓದುಗರು, ಗದಗ

ಉತ್ತರ: ಖಂಡಿತ. ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳುವುದೇ ಅವರ ಕುಲವೃತ್ತಿ. ಇಂತಿಂಥ ಮನೆತನ ಇಂಥ ಹೆಳವರಿಗೆ ಎಂದು ಹಂಚಿಕೆಯಿರುವುದರಿಂದ ಸಿಕ್ಕವರನ್ನೆಲ್ಲ ಕೇಳಿ ಫಲವಿಲ್ಲ. ನಿಮ್ಮದೇ ಬೆಡಗಿನ (ಒಂದೇ ಮೂಲದ ಕುಲದ) ದಾಯಾದಿಗಳ ಮನೆಗೆ ಯಾರು ಬರುತ್ತಾರೆ ಎಂದು ವಿಚಾರಿಸಿ. ಸುಗ್ಗಿ ಮುಗಿದ ಮೇಲೆ ಬರುವುದು ವಾಡಿಕೆ. ಅವರು ಹೇಳುವಾಗ ಹೆಸರುಗಳ ಸಾಲಿಗಿಂತ ಮೊದಲು ಮೂಲ ಊರು ಮತ್ತು ಮನೆದೇವರನ್ನು ಬರೆದುಕೊಳ್ಳಿ. ಪಹಣಿ ಹುಡುಕಬೇಕಾದ ಊರು ಬೇರೆಯೇ ಇರಬಹುದು.